ಮಳೆಗಾಲದಲ್ಲಿ ರಕ್ತದ ಸ್ಲೈಡ್‌ಗೆ ಬಣ್ಣ ಹಾಕುವುದು

ಆಟಿ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಬಿಡದೆ ಸುರಿಯುವ ಮಳೆ. ಸುರತ್ಕಲ್ ಕಡೆಯಿಂದ ಒಂದು ಊರನಾಯಿಯನ್ನು ರಿಕ್ಷಾದಲ್ಲಿ ಗೋಣಿ ಹಾಸಿ ಮಲಗಿಸಿಕೊಂಡು ತಂದಿದ್ದರು. ಮೂರು ದಿನದಿಂದ ಊಟ ಬಿಟ್ಟಿದೆ, ಮೈ ಸುಡುತ್ತಿದೆ, ಕಿವಿಯ ಮಡಿಕೆಯೊಳಗೆ ಸಾಲಾಗಿ ಉಣ್ಣಿ. ನಾನು ರಕ್ತ ತೆಗೆದು, ಗಡಿಬಿಡಿಯಲ್ಲಿ ಸ್ಲೈಡ್ ಎಳೆದು, ಬಣ್ಣ ಹಾಕಿ ನೋಡಿದೆ. ಕೆಂಪು ಕಣಗಳ ತುಂಬಾ ಚಿಕ್ಕ ಚಿಕ್ಕ ಉಂಗುರ. "ಡಾಕ್ಟ್ರೇ, ಬೇಬೀಸಿಯಾ ತುಂಬಾ ಉಂಟು" ಎಂದೆ. ಬೇಬೀಸಿಯಾ ಅಂದರೆ ಉಣ್ಣಿಯಿಂದ ಬರುವ, ಕೆಂಪು ಕಣದೊಳಗೆ ಕೂರುವ ರೋಗಾಣು. ಅವರು ಬಂದು ಕುಳಿತು, ಸಣ್ಣ ಫೋಕಸ್ ತಿರುಪನ್ನು ಆಚೆ ಈಚೆ ಎರಡು ಸಲ ತಿರುಗಿಸಿದರು. ಉಂಗುರಗಳೆಲ್ಲ ಗಾಜಿನ ಚೂರಿನ ಹಾಗೆ ಮಿನುಗಿದವು. "ಇದು ನೀರು ಮಾರಾಯ್ತಿ. ಇನ್ನೊಂದು ಮಾಡು, ಈ ಸಲ ಸರಿ ಒಣಗಿಸು."

ಎರಡನೇ ಸ್ಲೈಡನ್ನು ಫ್ಯಾನಿನ ಎದುರು ಒಣಗಿಸಿದೆ. ಒಂದೇ ಒಂದು ಉಂಗುರ ಇರಲಿಲ್ಲ. ಪ್ಲೇಟ್‌ಲೆಟ್ ಮಾತ್ರ ಬಹಳ ಕಡಿಮೆ. ಅರ್ಧ ಗಂಟೆ ಹುಡುಕಿದ ಮೇಲೆ, ಅಂಚಿನ ಹತ್ತಿರ ಮೊನೋಸೈಟ್ ಎಂಬ ಒಂದು ಬಿಳಿ ಕಣದ ಹೊಟ್ಟೆಯಲ್ಲಿ ಹಿಪ್ಪುನೇರಳೆ ಹಣ್ಣಿನಂಥ ನೀಲಿ ಗೊಂಚಲು ಸಿಕ್ಕಿತು. ಅದು ಎರ್ಲಿಕಿಯಾ. ಅದೂ ಉಣ್ಣಿಯಿಂದಲೇ ಬರುವ ಕಾಯಿಲೆ, ಆದರೆ ಔಷಧ ಪೂರ್ತಿ ಬೇರೆ. ನನ್ನ ಮೊದಲ ಸ್ಲೈಡನ್ನು ನಂಬಿದ್ದರೆ ಆ ನಾಯಿಗೆ ಬೇಡದ ಇಂಜೆಕ್ಷನ್ ಬೀಳುತ್ತಿತ್ತು.

ಅವತ್ತಿನಿಂದ ನಾನು ಈ ಕೆಲಸವನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ಮಾಡುತ್ತೇನೆ: ಈ ಹೊತ್ತಿಗೆ ಸ್ಲೈಡಿನ ಮೇಲೆ ನೀರು ಇರಬೇಕಾ, ಇರಬಾರದಾ? ಒಣಗಿಸುವಾಗ ಇರಲೇಬಾರದು. ಫಿಕ್ಸ್ ಮಾಡುವಾಗಲೂ, ಅಂದರೆ ಕಣಗಳನ್ನು ಗಾಜಿಗೆ ಗಟ್ಟಿ ಮಾಡುವಾಗಲೂ, ಇರಬಾರದು. ಬಣ್ಣ ಹಿಡಿಯಬೇಕಾದರೆ ಮಾತ್ರ ನೀರು ಬೇಕೇ ಬೇಕು, ಅದೂ ಸರಿಯಾದ ನೀರು. ಪುಸ್ತಕದಲ್ಲಿ ಇದನ್ನೆಲ್ಲ ಹತ್ತು ಹಂತ ಮಾಡಿ ಬರೆದಿರುತ್ತಾರೆ. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಮಂಗಳೂರಿನಲ್ಲಿ, ಉಡುಪಿಯಲ್ಲಿ ಸ್ಲೈಡ್ ಕೆಡುವುದು ಹೆಚ್ಚಾಗಿ ಈ ನೀರಿನ ಲೆಕ್ಕ ತಪ್ಪಿದಾಗ.

ಮೊದಲು ರಕ್ತ. ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಹಾಕಿದ ಟ್ಯೂಬ್‌ನಲ್ಲಿ ತೆಗೆದದ್ದು ಒಳ್ಳೆಯದು. ಟ್ಯೂಬ್‌ಗೆ ಗುರುತು ಹಾಕಿದಷ್ಟು ರಕ್ತ ತುಂಬಿಸಬೇಕು. ಬೆಕ್ಕಿನ ಮರಿಯಿಂದ ನಾಲ್ಕೇ ಹನಿ ಸಿಕ್ಕಿತು ಅಂತ ದೊಡ್ಡ ಟ್ಯೂಬ್‌ಗೆ ಹಾಕಿದರೆ ಇಡಿಟಿಎ ಜಾಸ್ತಿಯಾಗಿ ಕಣಗಳು ಸುಕ್ಕುಗಟ್ಟುತ್ತವೆ. ಟ್ಯೂಬನ್ನು ಕುಲುಕಬೇಡಿ, ಮೆಲ್ಲಗೆ ಎಂಟು ಹತ್ತು ಸಲ ತಲೆಕೆಳಗು ಮಾಡಿ. ಸ್ಲೈಡನ್ನು ಆದಷ್ಟು ಬೇಗ ಎಳೆಯಿರಿ. ರಕ್ತ ಟ್ಯೂಬಿನಲ್ಲಿ ಗಂಟೆಗಟ್ಟಲೆ ಕೂತರೆ ಬಿಳಿ ಕಣಗಳ ನ್ಯೂಕ್ಲಿಯಸ್ ಊದಿಕೊಂಡು ಒಡೆದ ಹಾಗೆ ಕಾಣುತ್ತದೆ, ಪ್ಲೇಟ್‌ಲೆಟ್‌ಗಳು ಉಬ್ಬುತ್ತವೆ. ಆಮೇಲೆ ಎಷ್ಟು ಚಂದ ಬಣ್ಣ ಹಾಕಿದರೂ ಅದು ಹಳೆಯ ರಕ್ತದ ಚಿತ್ರವೇ. ಬೇಬೀಸಿಯಾ ಬಗ್ಗೆ ಸಂಶಯ ಇದ್ದರೆ ಕಿವಿಯ ತುದಿಯಿಂದ ಚುಚ್ಚಿ ತೆಗೆದ ಹನಿಯಿಂದಲೂ ಒಂದು ಸ್ಲೈಡ್ ಮಾಡಿಕೊಳ್ಳಿ. ಸಣ್ಣ ರಕ್ತನಾಳಗಳಲ್ಲಿ ಬೇಬೀಸಿಯಾ ಹೊಕ್ಕ ಕೆಂಪು ಕಣಗಳು ಜಾಸ್ತಿ ಸೇರಿಕೊಂಡಿರುತ್ತವೆ.

ಎಳೆಯುವ ಕೆಲಸ ಕೈಯ ಅಭ್ಯಾಸ. ಸ್ಲೈಡಿನ ಒಂದು ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಅಗಲದ ಹನಿ. ಇನ್ನೊಂದು ಸ್ಲೈಡನ್ನು 30ರಿಂದ 45 ಡಿಗ್ರಿ ವಾರೆಯಾಗಿ ಹನಿಯ ಮುಂದೆ ಇಟ್ಟು, ಹಿಂದಕ್ಕೆ ತಂದು ಹನಿಗೆ ತಾಗಿಸಿ, ರಕ್ತ ಅಂಚಿನುದ್ದಕ್ಕೂ ಹರಡುವವರೆಗೆ ಒಂದು ಕ್ಷಣ ಕಾದು, ಒಂದೇ ಬೀಸಿಗೆ ಮುಂದಕ್ಕೆ ತಳ್ಳಬೇಕು. ಒತ್ತಬೇಡಿ. ಸರಿಯಾಗಿ ಬಂದರೆ ಅದು ನಾಲಗೆಯ ಆಕಾರದಲ್ಲಿರುತ್ತದೆ, ಶುರುವಿನಲ್ಲಿ ದಪ್ಪ, ಕೊನೆಯಲ್ಲಿ ಹಕ್ಕಿಯ ಗರಿಯ ಅಂಚಿನ ಹಾಗೆ ತೆಳು. ರಕ್ತ ಕಡಿಮೆಯಾದ ಪ್ರಾಣಿಯ ರಕ್ತ ನೀರುನೀರಾಗಿದ್ದು ಸ್ಲೈಡ್ ದಾಟಿ ಓಡುತ್ತದೆ. ಆಗ ಕೋನ ಸ್ವಲ್ಪ ಜಾಸ್ತಿ ಮಾಡಿ. ವಾಂತಿ ಭೇದಿಯಾಗಿ ನೀರಿನಂಶ ಬತ್ತಿದ ನಾಯಿಯ ರಕ್ತ ಗಟ್ಟಿ, ಅದಕ್ಕೆ ಕೋನ ಕಡಿಮೆ ಮಾಡಿ. ಒಂದು ಪ್ರಾಣಿಗೆ ಕಡಿಮೆ ಅಂದ್ರೆ ಮೂರು ಸ್ಲೈಡ್ ಎಳೆದಿಡಿ. ರಕ್ತ ಎದುರಲ್ಲೇ ಇರುವಾಗ ಇನ್ನೆರಡು ಎಳೆಯಲು ಅರ್ಧ ನಿಮಿಷ ಸಾಕು.

ಇನ್ನು ಒಣಗಿಸುವುದು. ಇದನ್ನು ಯಾರೂ ಒಂದು ಕೆಲಸ ಅಂತ ಲೆಕ್ಕ ಹಾಕುವುದಿಲ್ಲ. ಬೇಸಿಗೆಯಲ್ಲಿ ಸ್ಲೈಡನ್ನು ಕೈಯಲ್ಲಿ ಹಿಡಿದು ಬೀಸಿದರೆ ಒಣಗುತ್ತದೆ. ಜುಲೈಯಲ್ಲಿ, ಗಾಳಿಯೇ ಒದ್ದೆಯಾಗಿರುವಾಗ, ಮೇಜಿನ ಮೇಲೆ ಸುಮ್ನೆ ಇಟ್ಟ ಸ್ಲೈಡ್ ನಿಧಾನಕ್ಕೆ ಒಣಗುತ್ತದೆ. ಆ ಹೊತ್ತಿನಲ್ಲಿ ಕೆಂಪು ಕಣಗಳು ಕುಗ್ಗುತ್ತವೆ, ಒಳಗೆ ನೀರಿನ ಸಣ್ಣ ಸಣ್ಣ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಬಣ್ಣ ಹಾಕಿದ ಮೇಲೆ ಅದೇ ಗುಳ್ಳೆ ಹುಳ ತಿಂದ ಎಲೆಯ ತೂತಿನ ಹಾಗೆ, ಕೆಲವು ಸಲ ಉಂಗುರದ ಹಾಗೆ ಕಾಣುತ್ತದೆ. ನಾನು ಬೇಬೀಸಿಯಾ ಅಂದುಕೊಂಡದ್ದು ಅದನ್ನೇ.

ಹಾಗಾಗಿ ಎಳೆದ ಕೂಡಲೇ ಟೇಬಲ್ ಫ್ಯಾನ್ ಎದುರು ಹಿಡಿಯಿರಿ. ಹೇರ್ ಡ್ರೈಯರ್ ಇದ್ದರೆ ತಣ್ಣನೆಯ ಗಾಳಿಗೆ ಇಟ್ಟು, ಒಂದು ಅಡಿ ದೂರದಿಂದ ಬೀಸಿ. ಬಿಸಿ ಗಾಳಿ ಬೇಡ, ಸ್ಪಿರಿಟ್ ದೀಪವಂತೂ ಬೇಡವೇ ಬೇಡ. ಬಾಯಿಯಿಂದ ಊದುವ ಅಭ್ಯಾಸ ಹಲವರಿಗೆ ಇದೆ, ನಮ್ಮ ಉಸಿರಿನಲ್ಲೇ ಎಷ್ಟು ತೇವ ಇರುತ್ತದೆ ಅಲ್ವಾ? ಎಸಿ ಕೋಣೆ ಇದ್ದರೆ ಅಲ್ಲಿ ಬೇಗ ಒಣಗುತ್ತದೆ, ಯಾಕೆಂದರೆ ಎಸಿ ಗಾಳಿಯ ತೇವವನ್ನೂ ಎಳೆಯುತ್ತದೆ. ಆದರೆ ಎಸಿಯಲ್ಲಿ ತಣ್ಣಗಾದ ಸ್ಲೈಡನ್ನು ತಕ್ಷಣ ಹೊರಗಿನ ಕೋಣೆಗೆ ತಂದರೆ ಅದರ ಮೇಲೆ ಬೆವರಿನ ಹಾಗೆ ನೀರು ಕೂರುತ್ತದೆ. ಫ್ರಿಜ್‌ನಲ್ಲಿಟ್ಟ ಸ್ಲೈಡಿಗೂ ಇದೇ ಗತಿ, ಕಣಗಳು ಒಡೆದೇ ಹೋಗುತ್ತವೆ. ಹೊಸ ಖಾಲಿ ಸ್ಲೈಡ್‌ಗಳೂ ಮಳೆಗಾಲದಲ್ಲಿ ತೇವ ಹಿಡಿದು ಒಂದಕ್ಕೊಂದು ಅಂಟುತ್ತವೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟುಕೊಳ್ಳಿ.

ಈಗ ಬಣ್ಣದ ವಿಷಯ. ರಕ್ತಕ್ಕೆ ತನ್ನದೇ ಕೆಂಪು ಇರುವಾಗ ಮತ್ತೆ ಬಣ್ಣ ಯಾಕೆ ಅಂತ ಕೇಳುವವರಿದ್ದಾರೆ. ಒಂದೊಂದೇ ಕಣವಾಗಿ ನೋಡಿದರೆ ಆ ಕೆಂಪು ಹೆಚ್ಚು ಕಡಿಮೆ ಕಾಣುವುದೇ ಇಲ್ಲ, ಬಿಳಿ ಕಣದ ಒಳಗೆ ಏನಿದೆ ಎಂಬುದಂತೂ ತಿಳಿಯುವುದೇ ಇಲ್ಲ. 1891ರಲ್ಲಿ ರಷ್ಯಾದ ರೊಮಾನೋವ್‌ಸ್ಕಿ ಮಲೇರಿಯಾ ರೋಗಾಣು ನೋಡಲು ಹಳತಾದ ಮೆಥಿಲೀನ್ ಬ್ಲೂ ಎಂಬ ನೀಲಿ ಮತ್ತು ಇಯೋಸಿನ್ ಎಂಬ ಕೆಂಪು ಬಣ್ಣ ಎರಡನ್ನೂ ಕೂಡಿಸಿದರು. ಎರಡರಲ್ಲೂ ಇಲ್ಲದ ಮೂರನೆಯ ಬಣ್ಣ, ಒಂದು ನೇರಳೆ, ನ್ಯೂಕ್ಲಿಯಸ್‌ನಲ್ಲಿ ಬಂತು. ಲೀಶ್‌ಮನ್ 1901ರಲ್ಲಿ, ರೈಟ್ 1902ರಲ್ಲಿ, ಗೀಮ್ಸಾ 1904ರಲ್ಲಿ ಇದೇ ಕುಟುಂಬದ ತಮ್ಮ ತಮ್ಮ ಬಣ್ಣಗಳನ್ನು ಪ್ರಕಟಿಸಿದರು. ನಾವು ಇವತ್ತು ನಾಯಿ, ದನ, ಕೋಳಿಯ ರಕ್ತಕ್ಕೆ ಹಾಕುವುದು ಮಲೇರಿಯಾ ಹುಡುಕುತ್ತಾ ಹುಟ್ಟಿದ ಈ ಬಣ್ಣಗಳನ್ನೇ. ಜ್ವರ ಬಂದರೆ ಮೊದಲು ಮಲೇರಿಯಾ ಟೆಸ್ಟ್ ಎನ್ನುವ ಮಂಗಳೂರಿನವರಿಗೆ ಬೆರಳು ಚುಚ್ಚಿ ಸ್ಲೈಡ್ ಮಾಡುವುದು ಹೊಸದೇನಲ್ಲ. ಬೇಬೀಸಿಯಾ ಕೂಡ ಮಲೇರಿಯಾದ ಹಾಗೆಯೇ ಕೆಂಪು ಕಣದ ಒಳಗೆ ಕೂರುವ ಜೀವಿ, ಆದ್ದರಿಂದ ಬಣ್ಣವೂ ಅದೇ.

ಕೆಲಸ ಮಾಡುವ ರೀತಿ ಹೀಗೆ. ನೀಲಿ ಬಣ್ಣ ಕ್ಷಾರ ಗುಣದ್ದು, ಅದು ಆಮ್ಲ ಗುಣ ಇರುವ ಕಡೆ ಹೋಗಿ ಅಂಟುತ್ತದೆ. ನ್ಯೂಕ್ಲಿಯಸ್‌ನ ಡಿಎನ್‌ಎ, ಸುತ್ತಲಿನ ಆರ್‌ಎನ್‌ಎ ಅಂಥವು. ಇಯೋಸಿನ್ ಆಮ್ಲ ಗುಣದ್ದು, ಅದು ಹಿಮೋಗ್ಲೋಬಿನ್‌ಗೆ, ಇಯೋಸಿನೋಫಿಲ್ ಎಂಬ ಬಿಳಿ ಕಣದ ಕಾಳುಗಳಿಗೆ ಹಿಡಿದು ಕೆಂಪಾಗಿಸುತ್ತದೆ. ಮೆಥಿಲೀನ್ ಬ್ಲೂ ಹಳತಾದಾಗ ಅದರಿಂದ ಅಜೂರ್ ಎಂಬ ಬಣ್ಣ ಹುಟ್ಟುತ್ತದೆ. ಈ ಅಜೂರ್ ಮತ್ತು ಇಯೋಸಿನ್ ಡಿಎನ್‌ಎ ಮೇಲೆ ಒಟ್ಟಿಗೆ ಕೂತಾಗ ಆ ನೇರಳೆ ಬರುತ್ತದೆ. ರೋಗಾಣುವಿನ ಚುಕ್ಕೆ ನಮಗೆ ಎದ್ದು ಕಾಣುವುದು ಅದರಿಂದಲೇ.

ಬಣ್ಣಕ್ಕಿಂತ ಮೊದಲು ಫಿಕ್ಸ್ ಮಾಡಬೇಕು, ಅಂದರೆ ಮೆಥನಾಲ್‌ನಿಂದ ಕಣಗಳನ್ನು ಇದ್ದ ಹಾಗೆಯೇ ಗಾಜಿಗೆ ಗಟ್ಟಿ ಮಾಡಬೇಕು. ಇಲ್ಲಿ ನಮ್ಮೂರಿನ ದೊಡ್ಡ ತೊಂದರೆ ಬರುತ್ತದೆ. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಬೆಳಗ್ಗೆ ಜಾರ್‌ಗೆ ಸುರಿದು ಮುಚ್ಚಳ ಹಾಕದೆ ಬಿಟ್ಟರೆ ಸಂಜೆಗೆ ಅದರಲ್ಲಿ ನೀರು ಸೇರಿರುತ್ತದೆ, ನೋಡಲು ಏನೂ ಗೊತ್ತಾಗುವುದಿಲ್ಲ. ಅದರಲ್ಲಿ ಅದ್ದಿದರೆ ಚೆನ್ನಾಗಿ ಒಣಗಿದ ಸ್ಲೈಡಿನಲ್ಲೂ ಅದೇ ಮಿನುಗುವ ತೂತು ಬರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಸಣ್ಣ ಬಾಟಲಿಗಳಲ್ಲಿ ಮೆಥನಾಲ್ ತರಿಸಿ, ಜಾರ್‌ಗೆ ಬೇಕಾದಷ್ಟೇ ಸುರಿದು, ಮುಚ್ಚಳ ಬಿಗಿ ಮಾಡಿ, ದಿನವೂ ಬದಲಾಯಿಸಿ. ದುಡ್ಡು ಹೋಗುತ್ತದೆ ಅನಿಸಬಹುದು, ಆದರೆ ಕೆಟ್ಟ ಸ್ಲೈಡಿನ ಮೇಲೆ ಹೋಗುವ ಸಮಯ ಅದಕ್ಕಿಂತ ಜಾಸ್ತಿ. ಮೆಥನಾಲ್ ವಿಷ, ಬೆಂಕಿಯೂ ಬೇಗ ಹಿಡಿಯುತ್ತದೆ. ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ.

ನಮ್ಮ ಕಡೆ ಜಾಸ್ತಿ ಬಳಕೆಯಲ್ಲಿರುವುದು ಲೀಶ್‌ಮನ್. ಈ ಬಣ್ಣದ ಪುಡಿಯನ್ನು ಮೆಥನಾಲ್‌ನಲ್ಲೇ ಕರಗಿಸಿರುತ್ತಾರೆ, ಹಾಗಾಗಿ ಬೇರೆ ಫಿಕ್ಸ್ ಬೇಡ. ಸ್ಲೈಡನ್ನು ಸಮತಟ್ಟಾಗಿ ಇಟ್ಟು, ರಕ್ತ ಮುಚ್ಚುವಷ್ಟು ಬಣ್ಣ ಸುರಿದು ಎರಡು ನಿಮಿಷ ಬಿಡಿ. ಈ ಎರಡು ನಿಮಿಷದಲ್ಲಿ ಬಣ್ಣ ಹಿಡಿಯುವುದಿಲ್ಲ, ಫಿಕ್ಸ್ ಆಗುತ್ತದೆ ಅಷ್ಟೆ. ಆಮೇಲೆ ಅದರ ಎರಡು ಪಟ್ಟು ಬಫರ್ ನೀರು (ಆಮ್ಲ ಕ್ಷಾರದ ಮಟ್ಟ ಬದಲಾಗದ ಹಾಗೆ ಮಾಡಿದ ನೀರು) ಸೇರಿಸಿ, ಪಿಪೆಟ್‌ನಿಂದ ಮೆಲ್ಲಗೆ ಗಾಳಿ ಊದಿ ಕಲಸಿ. ಈಗ ನೀರು ಬಂತು ನೋಡಿ, ಈಗಲೇ ಬಣ್ಣದ ಕಣಗಳು ಬಿಡಿಯಾಗಿ ತಮ್ಮ ತಮ್ಮ ಜಾಗ ಹುಡುಕಿ ಹೋಗುವುದು. ಮೇಲೆ ಹೊಂಬಣ್ಣದ ಹೊಳಪಿನ ಪೊರೆ ಕಟ್ಟಿದರೆ ಸರಿಯಾಗಿ ಕಲೆತಿದೆ ಎಂದರ್ಥ. ಎಂಟು ಹತ್ತು ನಿಮಿಷ ಬಿಡಿ.

ತೊಳೆಯುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಮೊದಲು ಬಣ್ಣವನ್ನು ಬಗ್ಗಿಸಿ ಚೆಲ್ಲಿ ಆಮೇಲೆ ನೀರು ಹಾಕುವುದು. ಹಾಗೆ ಮಾಡಿದರೆ ಮೇಲಿನ ಪೊರೆ ಇಳಿದು ರಕ್ತದ ಮೇಲೆಯೇ ಕೂರುತ್ತದೆ, ಸ್ಲೈಡ್ ತುಂಬಾ ಕಪ್ಪು ನೇರಳೆ ಪುಡಿ. ಸ್ಲೈಡ್ ಮಟ್ಟವಾಗಿಯೇ ಇರಲಿ, ಬಫರ್ ನೀರನ್ನು ಮೇಲಿಂದ ಸುರಿಯುತ್ತಾ ಬಣ್ಣ ತೇಲಿ ಹರಿದುಹೋಗಲು ಬಿಡಿ. ಹಿಂಬದಿಯನ್ನು ಒರೆಸಿ, ಓರೆಯಾಗಿ ನಿಲ್ಲಿಸಿ, ಮತ್ತೆ ಫ್ಯಾನ್ ಎದುರು.

ಬಫರ್ ಬದಲು ಬಾವಿ ನೀರು ಸಾಕು ಎನ್ನುವವರಿಗೆ ಒಂದು ಮಾತು. ಇಲ್ಲಿ ಬಣ್ಣ ನಿರ್ಧಾರ ಆಗುವುದು ನೀರಿನ ಪಿಎಚ್ ಮೇಲೆ, ಅಂದರೆ ಅದರ ಆಮ್ಲ ಕ್ಷಾರದ ಅಳತೆಯ ಮೇಲೆ. ಸಾಮಾನ್ಯ ರಕ್ತ ನೋಡಲು 6.8 ಚೆನ್ನಾಗಿರುತ್ತದೆ, ರೋಗಾಣು ಹುಡುಕಲು ಗೀಮ್ಸಾ ಹಾಕುವಾಗ 7.2. ನೀರು ಆಮ್ಲದ ಕಡೆ ವಾಲಿದರೆ ಎಲ್ಲ ಕೆಂಪಾಗಿ ನ್ಯೂಕ್ಲಿಯಸ್ ಪೇಲವವಾಗುತ್ತದೆ. ಕ್ಷಾರದ ಕಡೆ ವಾಲಿದರೆ ಎಲ್ಲ ನೀಲಿ. ಮುರಕಲ್ಲು ತೋಡಿದ ನಮ್ಮ ಕರಾವಳಿಯ ಬಾವಿ ನೀರು ಸಾಮಾನ್ಯವಾಗಿ ಆಮ್ಲದ ಕಡೆಗೇ ಇರುತ್ತದೆ. ಕುಡಿಯಲು ರುಚಿ, ಸ್ಲೈಡಿಗೆ ಆಗದು. ಬಫರ್ ಮಾತ್ರೆ ಸಿಗುತ್ತದೆ, ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಇಟ್ಟುಕೊಂಡರೆ ಕೆಲಸ ಮುಗಿಯಿತು. ಅದರಲ್ಲಿ ಪಾಚಿಯೋ ಮೋಡದ ಹಾಗೆ ಏನೋ ಕಂಡರೆ ಚೆಲ್ಲಿ ಹೊಸದು ಮಾಡಿ.

ಗೀಮ್ಸಾ ನಿಧಾನದ್ದು. ಮೆಥನಾಲ್‌ನಲ್ಲಿ ಮೂರರಿಂದ ಐದು ನಿಮಿಷ ಫಿಕ್ಸ್, ಆಮೇಲೆ ಒಂದು ಪಾಲು ಬಣ್ಣಕ್ಕೆ ಒಂಬತ್ತು ಪಾಲು ಬಫರ್, ಅರ್ಧ ಗಂಟೆ. ರೋಗಾಣು ಹುಡುಕಲು ನನಗೆ ಇದರ ಮೇಲೆಯೇ ನಂಬಿಕೆ.

ಇನ್ನು ಮೂರು ಜಾರ್‌ಗಳ ಫಟಾಫಟ್ ಬಣ್ಣ, ಡಿಫ್-ಕ್ವಿಕ್ ಮಾದರಿಯದ್ದು. ಮೊದಲ ಜಾರ್ ಮೆಥನಾಲ್, ಎರಡನೆಯದು ಕೆಂಪು, ಮೂರನೆಯದು ನೀಲಿ. ಪ್ರತಿಯೊಂದರಲ್ಲಿ ಐದು ಸಲ ಅದ್ದಿ ತೆಗೆಯಿರಿ ಎಂದು ಬರೆದಿರುತ್ತದೆ. ನಾನು ಮೆಥನಾಲ್‌ನಲ್ಲಿ ಮಾತ್ರ ಒಂದು ನಿಮಿಷ ಪೂರ್ತಿ ಬಿಡುತ್ತೇನೆ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಂದು ಜಾರ್‌ನಿಂದ ಇನ್ನೊಂದಕ್ಕೆ ಹೋಗುವ ಮೊದಲು ಸ್ಲೈಡಿನ ಅಂಚನ್ನು ಪೇಪರ್‌ಗೆ ತಾಗಿಸಿ ಸೋರಿಸಿ, ಆದರೆ ನಡುವೆ ಒಣಗಲು ಬಿಡಬೇಡಿ. ಈ ಬಣ್ಣ ಮಾಸ್ಟ್ ಕಣದ, ಬೇಸೋಫಿಲ್ ಎಂಬ ಬಿಳಿ ಕಣದ ಕಾಳುಗಳನ್ನು ಕೆಲವೊಮ್ಮೆ ತೋರಿಸುವುದೇ ಇಲ್ಲ, ಅದು ನೆನಪಿರಲಿ. ನಾಯಿಯ ಡಿಸ್ಟೆಂಪರ್ ಕಾಯಿಲೆಯಲ್ಲಿ ಕಣಗಳ ಒಳಗೆ ಸಿಗುವ ಕೆಂಪು ಗುಳಿಗೆಗಳು ಮಾತ್ರ ಇದರಲ್ಲಿ ಚೆನ್ನಾಗಿ ಕಾಣುತ್ತವೆ. ಇನ್ನೊಂದು ವಿಷಯ, ಕಿವಿಯ ಕೊಳೆ, ಚರ್ಮದ ಸ್ಯಾಂಪಲ್ ಅದ್ದುವ ಜಾರ್‌ಗಳನ್ನು ರಕ್ತಕ್ಕೆ ಬಳಸಲೇಬೇಡಿ. ಅಲ್ಲಿಂದ ತೇಲಿ ಬಂದ ಬ್ಯಾಕ್ಟೀರಿಯಾ, ಯೀಸ್ಟ್ ರಕ್ತದ ಸ್ಲೈಡಿನ ಮೇಲೆ ಕೂತು ಕಣ್ಣಿಗೆ ಮೋಸ ಮಾಡುತ್ತವೆ.

ಸ್ಲೈಡ್ ಸಿದ್ಧವಾಯಿತು. ನೇರವಾಗಿ 100ರ ಲೆನ್ಸ್‌ಗೆ ಹಾರಬೇಡಿ. ಮೊದಲು 10ರ ಲೆನ್ಸ್‌ನಲ್ಲಿ ಇಡೀ ಸ್ಲೈಡ್ ಸುತ್ತಿ ಬನ್ನಿ, ಗರಿಯ ಅಂಚಿನಲ್ಲಿ ಏನಿದೆ ನೋಡಿ. ಪ್ಲೇಟ್‌ಲೆಟ್ ಗುಂಪುಗಳು, ದೊಡ್ಡ ಕಣಗಳು, ಮೈಕ್ರೋಫೈಲೇರಿಯಾ ಹುಳಗಳು ಅಲ್ಲೇ ಹೋಗಿ ಸೇರುತ್ತವೆ. ಬೆಕ್ಕಿನ ಪ್ಲೇಟ್‌ಲೆಟ್‌ಗಳಂತೂ ಬಹಳ ಬೇಗ ಗುಂಪುಗಟ್ಟುತ್ತವೆ. ಮಷಿನ್ ಅವುಗಳನ್ನು ಬಿಡಿಬಿಡಿಯಾಗಿ ಎಣಿಸಲಾಗದೆ ಪ್ಲೇಟ್‌ಲೆಟ್ ತೀರಾ ಕಡಿಮೆ ಎಂದು ವರದಿ ಕೊಡುತ್ತದೆ, ಮನೆಯವರು ಗಾಬರಿ. ಸ್ಲೈಡ್ ನೋಡಿದರೆ ಅಂಚಿನಲ್ಲಿ ರಾಶಿ ರಾಶಿ ಇರುತ್ತವೆ. ಗುಂಪು ಇಲ್ಲದಿದ್ದರೆ, ಎಣ್ಣೆ ಹಾಕಿ 100ರ ಲೆನ್ಸ್‌ನಲ್ಲಿ, ಕಣಗಳು ಒಂದೇ ಪದರದಲ್ಲಿ ಹರಡಿದ ಜಾಗದಲ್ಲಿ ಹತ್ತು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಒಂದು ಪ್ಲೇಟ್‌ಲೆಟ್ ಅಂದರೆ ಮೈಕ್ರೋಲೀಟರ್‌ಗೆ ಸುಮಾರು 15,000 ಎಂದು ಲೆಕ್ಕ. ಆರೋಗ್ಯವಾದ ನಾಯಿಯಲ್ಲಿ ಒಂದು ನೋಟಕ್ಕೆ ಹತ್ತಕ್ಕಿಂತ ಹೆಚ್ಚು ಇರಬೇಕು. ಸುರತ್ಕಲ್ ನಾಯಿಗೆ ಇದ್ದದ್ದು ಒಂದೋ ಎರಡೋ.

ಯಾವ ಪ್ರಾಣಿಯ ರಕ್ತ ಎಂಬುದು ತಲೆಯಲ್ಲಿ ಇರಬೇಕು. ನಾಯಿಯ ಕೆಂಪು ಕಣ ಸುಮಾರು 7 ಮೈಕ್ರಾನ್, ನಡುವೆ ಸ್ಪಷ್ಟ ಬಿಳುಪು. ಬೆಕ್ಕಿನದ್ದು ಸ್ವಲ್ಪ ಚಿಕ್ಕದು, ಆ ಬಿಳುಪು ಅಷ್ಟಾಗಿ ಕಾಣದು. ಆಡಿನದ್ದು 3ರಿಂದ 4 ಮೈಕ್ರಾನ್, ಮೊದಲ ಸಲ ನೋಡಿದವರು ಲೆನ್ಸ್ ತಪ್ಪಿದೆ ಅಂದುಕೊಳ್ಳುತ್ತಾರೆ. ಕುದುರೆಯ ಕಣಗಳು ನಾಣ್ಯ ಜೋಡಿಸಿದ ಹಾಗೆ ಸಾಲುಗಟ್ಟುವುದು ಸಹಜ. ಕೋಳಿಯ ಕೆಂಪು ಕಣ ಮೊಟ್ಟೆಯಾಕಾರ, ಅದರೊಳಗೆ ನ್ಯೂಕ್ಲಿಯಸ್ಸೂ ಇರುತ್ತದೆ.

ರೋಗಾಣುಗಳಲ್ಲಿ ಬೇಬೀಸಿಯಾ ಗಿಬ್ಸೋನಿ ಚಿಕ್ಕದು, ಉಂಗುರ ಅಥವಾ ಚುಕ್ಕೆ. ಬೇಬೀಸಿಯಾ ವೊಗೆಲಿ ದೊಡ್ಡದು, ಎರಡು ಪೇರಳೆ ಹಣ್ಣು ತೊಟ್ಟು ಸೇರಿಸಿ ಇಟ್ಟ ಹಾಗೆ ಜೋಡಿಯಾಗಿ ಕಾಣುತ್ತದೆ. ಹೆಪಟೋಜೂನ್ ನ್ಯೂಟ್ರೋಫಿಲ್ ಎಂಬ ಬಿಳಿ ಕಣದ ಒಳಗೆ ಉದ್ದನೆಯ ಮಾತ್ರೆಯಂತೆ ಮಲಗಿರುತ್ತದೆ. ಮಿಶ್ರತಳಿ ದನಗಳಲ್ಲಿ ಥೈಲೇರಿಯಾ ಕೆಂಪು ಕಣದೊಳಗೆ ಇರುತ್ತದೆ, ಲಿಂಫೋಸೈಟ್ ಎಂಬ ಬಿಳಿ ಕಣದಲ್ಲೂ ನೀಲಿ ಗಂಟಾಗಿ ಸಿಗಬಹುದು. ಅನಾಪ್ಲಾಸ್ಮಾ ಮಾರ್ಜಿನೇಲ್ ದನದ ಕೆಂಪು ಕಣದ ಅಂಚಿನಲ್ಲಿ ಒಂದು ಕಡು ಚುಕ್ಕೆ. ಚುಕ್ಕೆ ಕಂಡ ಕೂಡಲೇ ಹೆಸರು ಹೇಳಬೇಡಿ. ಸಣ್ಣ ಫೋಕಸ್ ತಿರುಗಿಸಿ. ಮಿನುಗಿದರೆ ನೀರು. ಕಣ ಮಸುಕಾಗಿ ಚುಕ್ಕೆ ಮಾತ್ರ ಸ್ಪಷ್ಟವಾದರೆ ಅದು ಕಣದ ಮೇಲೆ ಕೂತ ಬಣ್ಣದ ಪುಡಿ, ಖಾಲಿ ಜಾಗದಲ್ಲೂ ಅಂಥದ್ದು ಇದೆಯಾ ನೋಡಿ. ಪುಡಿ ಜಾಸ್ತಿಯಾದರೆ ಬಣ್ಣವನ್ನು ಫಿಲ್ಟರ್ ಪೇಪರ್‌ನಲ್ಲಿ ಸೋಸಿ. ಕಣ ಮತ್ತು ಚುಕ್ಕೆ ಒಟ್ಟಿಗೇ ಸ್ಪಷ್ಟವಾಗಿ, ನೀಲಿ ಮೈ ಮತ್ತು ನೇರಳೆ ಚುಕ್ಕೆ ಎರಡೂ ಕಂಡರೆ ಆಗ ಡಾಕ್ಟರನ್ನು ಕರೆಯಿರಿ. ಏನೂ ಕಾಣದಿದ್ದರೆ ರೋಗ ಇಲ್ಲ ಎಂದೂ ಬರೆಯಬೇಡಿ, "ಸ್ಲೈಡಿನಲ್ಲಿ ಕಂಡಿಲ್ಲ" ಎಂದು ಬರೆಯಿರಿ. ಎರ್ಲಿಕಿಯಾದ ಗೊಂಚಲು ರೋಗ ಇದ್ದರೂ ಹೆಚ್ಚಿನ ಸ್ಲೈಡ್‌ಗಳಲ್ಲಿ ಸಿಗುವುದಿಲ್ಲ.

ದೂರದ ಲ್ಯಾಬ್‌ಗೆ ಕಳುಹಿಸುವುದಿದ್ದರೆ ಸ್ಲೈಡ್ ಒಣಗಿಸಿ, ಮೆಥನಾಲ್‌ನಲ್ಲಿ ಫಿಕ್ಸ್ ಮಾಡಿ, ಬಣ್ಣ ಹಾಕದೆ ಎರಡು, ಬಣ್ಣ ಹಾಕಿ ಒಂದು, ಸ್ಲೈಡ್ ಪೆಟ್ಟಿಗೆಯಲ್ಲಿ ಹಾಕಿ ಕೊಡಿ. ದಪ್ಪ ತುದಿಯಲ್ಲಿ ಪೆನ್ಸಿಲ್‌ನಿಂದ ಪ್ರಾಣಿಯ ಗುರುತು, ತಾರೀಕು ಬರೆಯಿರಿ, ಪೆನ್ನಿನ ಶಾಯಿ ಮೆಥನಾಲ್‌ಗೆ ಅಳಿಸಿಹೋಗುತ್ತದೆ. ಗಡ್ಡೆಯ ತುಂಡು ಹಾಕಿದ ಫಾರ್ಮಲಿನ್ ಬಾಟಲಿಯನ್ನು ಅದೇ ಕವರಿನಲ್ಲಿ ಸೇರಿಸಬೇಡಿ. ಮುಚ್ಚಳ ಎಷ್ಟೇ ಬಿಗಿ ಇದ್ದರೂ ಅದರ ಆವಿ ತಾಗಿದ ಸ್ಲೈಡ್ ಮುಂದೆ ಬಣ್ಣವನ್ನು ಸರಿಯಾಗಿ ಹಿಡಿಯುವುದಿಲ್ಲ. ಫಾರ್ಮಲಿನ್ ಬಾಟಲಿಗೆ ಬೇರೆ ಪೊಟ್ಟಣ ಕಟ್ಟಿ, ಎರಡರ ಮೇಲೂ ಪ್ಲಾಸ್ಟಿಕ್ ಸುತ್ತಿ ಬಸ್ಸಿಗೆ ಕೊಡಿ.